ಅವ್ವನ ಬಾಯಿ

ಅವ್ವನನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಸಭೆಯ ಪಾಸ್ಟರ್‌ರು ಮನೆಗೆ ಬಂದರು. ಈಗಿನವರು, ಇನ್ನೂ ಚಿಕ್ಕ ವಯಸ್ಸು. ಅವ್ವನನ್ನು ಅವರು ನೋಡಿದ್ದೆಲ್ಲ ಆಕೆ ಹಾಸಿಗೆ ಹಿಡಿದ ಮೇಲೆಯೇ. ಸ್ಮರಣೆಯ ಕೂಟಕ್ಕೆ ಒಂದು ಹಾಳೆ ಅಚ್ಚು ಹಾಕಿಸಬೇಕಿತ್ತು. ಊರು, ಮದುವೆ, ದೀಕ್ಷಾಸ್ನಾನ ಎಲ್ಲ ಕೇಳಿ ಬರೆದುಕೊಂಡು ಕೊನೆಗೆ ಪೆನ್ನು ಎತ್ತಿ ಹಿಡಿದು ಕೇಳಿದರು:

"ಅವ್ವಾರು ಹೊಸದಾಗಿ ಹುಟ್ಟಿದ್ದು ಯಾವಾಗ್ರಿ ಅಕ್ಕಾರ? ಅಂದ್ರ, ಮನಸ್ಸು ತಿರುಗಿ ಸ್ವಾಮಿಗೆ ಒಪ್ಪಿಸಿಕೊಂಡ ದಿನ?"

ಅವ್ವನಿಗೆ ತಾನು ಮೊದಲ ಸಲ ಹುಟ್ಟಿದ ದಿನವೇ ಗೊತ್ತಿರಲಿಲ್ಲ. ಜೋಳ ಕಾಳು ಕಟ್ಟುವಾಗ ಹುಟ್ಟಿದೆನಂತೆ ಎಂದು ಹೇಳುತ್ತಿದ್ದಳು, ಅಷ್ಟೇ. ಎರಡನೆಯ ಸಲದ್ದನ್ನು ನಾನು ಎಲ್ಲಿಂದ ತರಲಿ? ಗೊತ್ತಿಲ್ಲರಿ ಎಂದೆ. ಅವರು ಆ ಸಾಲನ್ನು ಖಾಲಿ ಬಿಟ್ಟು, ಚಹಾ ಕುಡಿದು, ಪ್ರಾರ್ಥನೆ ಮಾಡಿ ಹೋದರು. ಅವರು ಹೋದ ಮೇಲೆ ನನ್ನ ಮನಸ್ಸು ಆ ಪ್ರಶ್ನೆಯ ಹತ್ತಿರವೇ ಕುಳಿತುಬಿಟ್ಟಿತು. ನಾನು ಹತ್ತನೆಯ ಇಯತ್ತೆಯವರೆಗೆ ಓದಿದವಳು, ದೊಡ್ಡ ಮಾತು ಬರೆಯಲು ಬರುವುದಿಲ್ಲ. ಆದರೆ ಬದಲಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ನಡೆದದ್ದು ದಿಗ್ಗೇವಾಡಿಯ ನಮ್ಮ ಮನೆಯಲ್ಲಿ, ಒಂದು ಗೋಡೆಯ ಈ ಕಡೆ ಮತ್ತು ಆ ಕಡೆ.

ಮನೆ ಮೊದಲು ಒಂದೇ ಇತ್ತು. ನಾನು ಹುಟ್ಟಿದ ಮೇಲೆ ಅಪ್ಪ ಮತ್ತು ಕಾಕಾ ಬೇರೆಯಾದರು. ಹಿರಿಯರು ಹಗ್ಗ ಹಿಡಿದು ಅಳೆದು, ಅಡಿಗೆಮನೆಯಿಂದ ದನ ಕಟ್ಟುವ ಜಾಗದವರೆಗೆ ನಡುವೆ ಒಂದು ಮಣ್ಣಿನ ಗೋಡೆ ಎಬ್ಬಿಸಿದರು. ಆ ಗೋಡೆ ಮಾಳಿಗೆಯನ್ನು ಮುಟ್ಟಲಿಲ್ಲ. ಆಳೆತ್ತರಕ್ಕೆ ನಿಂತಿತು. ಮೇಲೆ ಎರಡು ಮೊಳ ಬಯಲು. ಹಾಗಾಗಿ ಎರಡು ಸಂಸಾರಗಳು ಒಂದನ್ನೊಂದು ನೋಡುತ್ತಿರಲಿಲ್ಲವೇ ಹೊರತು ಒಗ್ಗರಣೆಯ ವಾಸನೆ, ಕೆಮ್ಮು, ಪಾತ್ರೆಯ ಸದ್ದು, ಗಂಡ ಹೆಂಡಿರ ಮಾತು ಎಲ್ಲ ಎರಡೂ ಕಡೆ ಸಲ್ಲುತ್ತಿತ್ತು. ಮುಂದಿನ ಪಡಸಾಲೆಯನ್ನು ಯಾರೂ ಒಡೆಯಲಿಲ್ಲ, ಏಕೆಂದರೆ ಅಲ್ಲಿ ಆಯಿ ಕೂಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಒಂದು ವಾರ ನಮ್ಮಲ್ಲಿ ಊಟ, ಒಂದು ವಾರ ಆ ಕಡೆ. ಯಾವ ಕಡೆ ಉಂಡಳೋ ಆ ಕಡೆಯ ಅಡಿಗೆಯನ್ನು ಬೈಯುವುದು, ಇನ್ನೊಂದು ಕಡೆಯದನ್ನು ಹೊಗಳುವುದು ಆಕೆಯ ರೀತಿ. ಸೊಸೆಯರಿಬ್ಬರನ್ನೂ ಅಳತೆಯಲ್ಲಿ ಇಡಲು ಅದೊಂದೇ ದಾರಿ ಎಂದು ತಿಳಿದಿದ್ದಳು.

ಗೋಡೆ ಎಬ್ಬಿಸಿದಾಗ ಅಡಿಗೆಮನೆಯ ಒಳಕಲ್ಲು ಕಾಕಾನ ಪಾಲಿಗೆ ಹೋಯಿತು. ನೆಲದಲ್ಲಿ ಹೂತ ಕಲ್ಲು, ಕೀಳಲು ಬರುವುದಿಲ್ಲ. ಅವ್ವ ಮದುವೆಯಾಗಿ ಬಂದ ದಿನದಿಂದ ರುಬ್ಬಿದ ಕಲ್ಲು ಅದು. ಮೊದಮೊದಲು ಅವ್ವ ಆ ಕಡೆ ಹೋಗಿ ರುಬ್ಬಿಕೊಂಡು ಬರುತ್ತಿದ್ದಳು. ಕಾಕಾನ ಹೆಂಡತಿ ಕಸ್ತೂರಿ, ನನ್ನ ಚಿಗವ್ವ, ಏನೂ ಅನ್ನುತ್ತಿರಲಿಲ್ಲ. ಆದರೆ ಅನ್ನದೇ ಇರುವುದರಲ್ಲೂ ಒಂದು ರೀತಿ ಇರುತ್ತದೆ. ಒಂದು ಶ್ರಾವಣದ ದಿನ, ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಹೂರಣ ಹಿಡಿದು ಅವ್ವ ಹೋದಾಗ ಚಿಗವ್ವ ಕಲ್ಲಿನ ಮೇಲೆ ಹುಣಸೆಹಣ್ಣು ಹರವಿ ಕುಳಿತಿದ್ದಳು. ಆಗ ಆಕೆಗೆ ಐದು ತಿಂಗಳು.

"ಇವತ್ತ ಕಲ್ಲು ಬಿಡುವಿಲ್ಲ ಅಕ್ಕಾ. ಮಂದಿ ಮನಿಗೆ ಹೋಗ."

"ಮಂದಿ ಮನಿಗೆ? ನೀ ಬರೂಕಿಂತ ಮೊದಲ ಈ ಕಲ್ಲ ಸವದದ್ದ ನನ್ನ ಕೈಯಾಗ ಬೇ."

"ಸವಸಿದಿ ಅಂತ ಹೊತ್ಕೊಂಡು ಹೋಗಾಕ ಬರ್ತೈತೇನು?"

ಇಲ್ಲಿ ಅವ್ವನ ಬಾಯಿಯ ಬಗ್ಗೆ ಹೇಳಬೇಕು. ನಮ್ಮ ಓಣಿಯಲ್ಲಿ ಬೈಯುವ ಹೆಂಗಸರು ಬಹಳ ಜನ ಇದ್ದರು, ಆದರೆ ಅವ್ವನ ಹೆಸರು ಬೇರೆ. ಪಾರವ್ವ ಬಾಯಿ ಬಿಟ್ಟಳು ಎಂದರೆ ನಲ್ಲಿಯ ಮುಂದಿನ ಸಾಲು ತಾನಾಗಿ ಸರಿದು ನಿಲ್ಲುತ್ತಿತ್ತು. ಒಂದು ಸಲ ಬೈದ ಬೈಗುಳ ಮತ್ತೆ ಬರುತ್ತಿರಲಿಲ್ಲ. ಕೋಳಿಗೆ ಬೇರೆ, ಎಮ್ಮೆಗೆ ಬೇರೆ, ಬಸ್ಸಿನ ಕಂಡಕ್ಟರನಿಗೆ ಬೇರೆ. ಅಪ್ಪ ಸುಗ್ಗಿಯಲ್ಲಿ ಉಗಾರದ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಹೊಡೆಯುತ್ತಿದ್ದ, ಎತ್ತುಗಳ ಜೊತೆ ಇದ್ದು ಇದ್ದು ಮಾತೇ ಮರೆತ ಮನುಷ್ಯ. ಅವನ ಪಾಲಿನ ಮಾತನ್ನೂ ಅವ್ವನೇ ಆಡುತ್ತಿದ್ದಳು. ನನಗೆ ಅದರಲ್ಲಿ ಒಂದು ಹೆಮ್ಮೆ ಇತ್ತು, ಸುಳ್ಳು ಹೇಳುವುದಿಲ್ಲ.

ಆ ದಿನ ಅವ್ವ ಬೈಯಲಿಲ್ಲ. ಹೂರಣದ ಪಾತ್ರೆಯನ್ನು ಕೆಳಗಿಟ್ಟು, ಹೊರಗೆ ಬಂದು, ಚಿಗವ್ವನ ಹೊಸ್ತಿಲ ಮುಂದೆ ನಿಂತು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ನಮ್ಮ ಕಡೆ ಹಿಡಿ ಮಣ್ಣು ತೂರಿ ಆಡಿದ ಮಾತಿಗೆ ಬೈಗುಳ ಎನ್ನುವುದಿಲ್ಲ, ಶಾಪ ಎನ್ನುತ್ತಾರೆ. ಜಗಳದ ಬಿಸಿಯಲ್ಲೂ ಹೆಂಗಸರು ಮಣ್ಣಿಗೆ ಕೈ ಹಾಕುವುದಿಲ್ಲ. ಅವ್ವ ತೂರಿದಳು.

"ನಿನ್ನ ತೊಟ್ಟಿಲ ಬರಿದಾಗ್ಲಿ."

ಜೋರಾಗಿ ಕೂಡ ಅನ್ನಲಿಲ್ಲ. ನಾನು ಅವಳ ಸೀರೆ ಹಿಡಿದು ಪಕ್ಕದಲ್ಲೇ ಇದ್ದೆ, ಏಳು ವರ್ಷದವಳು. ಆಯಿ ಪಡಸಾಲೆಯಿಂದ "ಪಾರೀ!" ಎಂದು ಚೀರಿದ್ದು ನೆನಪಿದೆ. ನಾಲ್ಕು ತಿಂಗಳಾದ ಮೇಲೆ ಚಿಗವ್ವನಿಗೆ ಗಂಡು ಕೂಸು ಹುಟ್ಟಿತು. ಮೂರನೆಯ ದಿನ ಹಾಲು ಕುಡಿಯುವುದನ್ನು ಬಿಟ್ಟಿತು. ಐದನೆಯ ದಿನ ಕಾಕಾ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ಹೊಳೆಯ ಕಡೆ ಒಯ್ದ. ಗೋಡೆಯ ಆ ಕಡೆಯಿಂದ ಚಿಗವ್ವನ ಅಳು ಬರುತ್ತಿತ್ತು, ಈ ಕಡೆ ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಡಿದದ್ದನ್ನೇ ಬಡಿಯುತ್ತಿದ್ದಳು, ಹರಿದುಹೋಗುವಷ್ಟು.

ಆ ಮೇಲೆ ಊರು ಅವ್ವನಿಗೆ ಹೆದರತೊಡಗಿತು. ಮೊದಲು ಇದ್ದದ್ದು ಬಾಯಿಯ ಹೆದರಿಕೆ, ಈಗಿನದು ಬೇರೆ. ಬಸುರಿ ಹೆಂಗಸರು ನಮ್ಮ ಬಾಗಿಲ ಮುಂದೆ ಹಾಯಲಿಲ್ಲ. ಅವ್ವ ಉಣ್ಣುವುದನ್ನು ಕಡಿಮೆ ಮಾಡಿದಳು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂಡುತ್ತಿದ್ದಳು. ಮುಂದಿನ ವರ್ಷ ಅಪ್ಪ ಅವಳನ್ನು ರೈಲಿನಲ್ಲಿ ಮಿರಜಿನ ದವಾಖಾನೆಗೆ ಒಯ್ದ. ಇಪ್ಪತ್ತು ದಿನ ಅಲ್ಲಿದ್ದಳು. ಅಲ್ಲಿ ಏನಾಯಿತು ಎನ್ನುವುದನ್ನು ನಾನು ಕಂಡಿಲ್ಲ, ಅವ್ವ ಮುಂದೆ ಹೇಳಿದ್ದು ಗೊತ್ತು. ಪಕ್ಕದ ಕಾಟಿನಲ್ಲಿ ರಾಹೇಲಬಾಯಿ ಎನ್ನುವ ಒಬ್ಬ ಮುದುಕಿ ಇದ್ದಳಂತೆ, ಮರಾಠಿ ಮಾತಿನ ಕ್ರೈಸ್ತ ಹೆಂಗಸು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡು ದಿನಾ ಸಂಜೆ ಶಾಸ್ತ್ರ ಓದುತ್ತಿದ್ದಳು. ಅವ್ವ ತನ್ನ ಹಿಡಿ ಮಣ್ಣಿನ ಸುದ್ದಿಯನ್ನು ಮೊದಲ ಸಲ ಹೇಳಿದ್ದು ಆಕೆಗೆ. ಆಕೆ ಅಯ್ಯೋ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. "ರಡೂ ನಕೋ," ಅಳಬೇಡ, ಎಂದು ಕೈ ಹಿಡಿದುಕೊಂಡು, ಹರಿದ ಸೀರೆಗೆ ತೇಪೆ ಹಾಕಿದಂತೆ ಮನುಷ್ಯನಿಗೆ ತೇಪೆ ಹಾಕಲು ಬರುವುದಿಲ್ಲ, ಮೊದಲಿಂದ ಹುಟ್ಟಬೇಕು, ಅದನ್ನು ನೀನು ಮಾಡಿಕೊಳ್ಳಲೂ ಆಗುವುದಿಲ್ಲ, ಕೇಳಿಕೊಳ್ಳಬೇಕು ಎಂದಳಂತೆ. ಅವ್ವ ಕೇಳಿಕೊಂಡಳು. ಎಷ್ಟನೆಯ ದಿನ, ಯಾವ ಹೊತ್ತಿನಲ್ಲಿ ಎಂದು ನಾನು ಒಮ್ಮೆ ಕೇಳಿದ್ದೆ. "ನನಗೇನ ಗೊತ್ತು. ಅಂದು ಊಟ ರುಚಿ ಹತ್ತಿತು," ಎಂದಿದ್ದಳು.

ತಿರುಗಿ ಬಂದ ಅವ್ವ ತೆಳ್ಳಗಾಗಿದ್ದಳು, ಹಣೆಯ ಮೇಲೆ ಕುಂಕುಮ ಇರಲಿಲ್ಲ. ಮನೆಯಲ್ಲಿ ಮೊದಲ ಜಗಳ ಅದಕ್ಕೇ ಆಯಿತು.

"ನನ್ನ ಮಗಾ ಇದ್ದಾನೋ ಸತ್ತಾನೋ?" ಎಂದಳು ಆಯಿ. "ಬೋಳ ಹಣಿ ಇಟ್ಕೊಂಡು ಬಂದೀದಿ!"

ಅಪ್ಪ ಎತ್ತಿನ ಕೊರಳ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತದೇ ಹೇಳಿದ: "ನಾ ಜೀವಂತ ಇದ್ದೇನಿ ಅನ್ನೂದು ನನಗ ಗೊತ್ತೈತಿ, ಬಿಡಬೇ ಯವ್ವಾ. ಆಕಿ ಜಗಳಾ ಬಿಟ್ರ ಯಾವ ದೇವರಾದ್ರೂ ನಡೀತೈತಿ."

ಅಲ್ಲಿಂದ ಶುರುವಾಯಿತು ಆಯಿಯ ಪರೀಕ್ಷೆ. ಹೊಸದಾಗಿ ಹುಟ್ಟಿದೆನೆಂದು ಹೇಳುವವಳು ನಿಜವಾಗಿ ಹುಟ್ಟಿದ್ದಾಳೋ ಇಲ್ಲವೋ ನೋಡಲೇಬೇಕು ಎಂದು ಆಕೆ ಪಣ ತೊಟ್ಟಂತಿತ್ತು. ಅವ್ವ ಹೊರಗೆ ಹೋದಾಗ ಪುಂಡಿಪಲ್ಯದ ಗಡಿಗೆಗೆ ಎರಡು ಹಿಡಿ ಉಪ್ಪು ಹಾಕಿದಳು. ನಾನು ನೋಡಿದೆ, ಬಾಯಿಗೆ ಬೆರಳಿಟ್ಟು ಸುಮ್ಮನಿರು ಎಂದಳು. ಊಟಕ್ಕೆ ಕುಳಿತಾಗ ಅಪ್ಪ ಒಂದು ತುತ್ತು ಇಟ್ಟು ನೀರು ಕುಡಿದ, ಇನ್ನೊಂದು ತುತ್ತು ಇಟ್ಟು ಮತ್ತೆ ನೀರು ಕುಡಿದ. ಅವ್ವ ನಾಲಿಗೆಗೆ ಹಚ್ಚಿ ನೋಡಿದಳು. ಆಯಿಯ ಮುಖ ನೋಡಿದಳು. ಆಯಿ ಮಾಳಿಗೆ ನೋಡಿದಳು. ಅವ್ವನ ಕೊರಳಲ್ಲಿ ನರ ಉಬ್ಬಿದ್ದು ನನಗೆ ಕಾಣಿಸಿತು. ಆಮೇಲೆ ಎದ್ದು, ಮೊಸರು ತಂದು ಎಲ್ಲರ ತಾಟಿಗೂ ಹಾಕಿ, "ಅತ್ತಿ, ನಿಮಗ ರಕ್ತದ ಒತ್ತಡ ಐತ್ರಿ, ನೀವರೆ ಈ ಪಲ್ಯಾ ಉಣಬ್ಯಾಡ್ರಿ," ಎಂದಳು. ಆಯಿ ಆ ದಿನ ಬರೀ ರೊಟ್ಟಿ ಮೊಸರು ತಿಂದಳು.

ಆದರೆ ಅವ್ವ ಒಂದೇ ದಿನಕ್ಕೆ ದೇವತೆಯಾದಳೆಂದು ನಾನು ಬರೆದರೆ ಅದು ಅವಳಿಗೆ ಮಾಡುವ ಅನ್ಯಾಯ. ದನಿ ಹಳೆಯದೇ ಇತ್ತು. ಸಿಟ್ಟು ಬರುವ ವೇಗವೂ ಹಳೆಯದೇ. ಬಂದ ಮಾತನ್ನು ಅರ್ಧದಲ್ಲಿ ಹಿಡಿದು ತಿರುಗಿಸುವುದು ಮಾತ್ರ ಹೊಸದು. ಎಮ್ಮೆ ಹಾಲಿನ ಚರಿಗೆ ಒದ್ದರೆ ಅವ್ವನ ಕೂಗು ಓಣಿಯ ತುದಿಗೆ ಕೇಳಿಸುತ್ತಿತ್ತು: "ಏ ನಿನ್ನ... ನಿನ್ನ ಹೊಟ್ಟಿ ತಣ್ಣಗಿರ್ಲಿ! ನಿನ್ನ ಕೆಚ್ಚಲ ತುಂಬ್ಲಿ! ನೂರ ವರ್ಷಾ ಬಾಳ, ಸರಿ ಅತ್ತಾಗ!" ಬೈಯುವ ರಾಗದಲ್ಲೇ ಹರಸುವುದು. ನಲ್ಲಿಯ ಹತ್ತಿರ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು. "ಪಾರವ್ವಾ, ನನಗೂ ಒಂದೀಟ ಬೈಯವ್ವ, ಮನ್ಯಾಗ ಕಾಳು ಕಡಿ ಕಡಿಮಿ ಆಗ್ಯಾವು," ಎಂದು ಒಬ್ಬಾಕೆ ಚುಡಾಯಿಸಿದರೆ ಅವ್ವನೂ ನಕ್ಕಳು. ಅವ್ವ ತನ್ನನ್ನು ನೋಡಿ ನಗುವವರ ಜೊತೆ ನಕ್ಕಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಜಾರಿದ್ದೂ ಉಂಟು. ಒಂದು ಮುಂಜಾನೆ ನಾನು ನೋಡಿಕೊಳ್ಳುತ್ತೇನೆಂದು ಕುಳಿತಿದ್ದಾಗ ಹಾಲು ಉಕ್ಕಿ ಒಲೆಗೆ ಹೋಯಿತು. ಅವ್ವ ಬಂದವಳೇ ಕಪಾಳಕ್ಕೆ ಹೊಡೆದು, "ಹುಟ್ಟಿದ ಕೂಡ್ಲೇ ಸಾಯಬಾರದಾಗಿತ್ತೇನ!" ಎಂದಳು. ನಾನು ಶಾಲೆಗೆ ಹೋದೆ. ಸಂಜೆ ಊಟಕ್ಕೆ ಎಲ್ಲರೂ ಕುಳಿತಾಗ, ಆಯಿ ಮತ್ತು ಅಪ್ಪನ ಎದುರು, ಅವ್ವ ರೊಟ್ಟಿ ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿ ಹೇಳಿದಳು: "ಸುಮೀ, ಮುಂಜಾನೆ ನಾ ಅಂದಿದ್ದು ತಪ್ಪು. ಹಾಲ ಹೋದ್ರ ಹೋತು. ನನ್ನ ಮಾಫ್ ಮಾಡ." ಅಪ್ಪನ ಕೈ ತುತ್ತಿನೊಂದಿಗೆ ಹಾಗೇ ನಿಂತಿತು. ನಮ್ಮ ಕಡೆ ತಾಯಿ ಮಗಳಿಗೆ ತಪ್ಪಾಯಿತು ಎನ್ನುವುದಿಲ್ಲ. ಮರುದಿನ ಎಣ್ಣೆ ಹಚ್ಚಿ ಹೆರಳು ಹಾಕುತ್ತಾಳೆ, ಅದರಲ್ಲೇ ತಿಳಿದುಕೊಳ್ಳಬೇಕು. ನನಗೆ ನಾಚಿಕೆಯಾಗಿ ತಲೆ ತಾಟಿನೊಳಗೆ ಹೋಯಿತು. ಆಯಿ, "ಇದೇನ ಕಲಿಸಿ ಕಳಿಸ್ಯಾರೋ ಮಿರಜಿನವರು," ಎಂದು ಗೊಣಗಿದಳು. ಆದರೆ ಅಂದಿನಿಂದ ಉಪ್ಪು ಹಾಕುವುದನ್ನು ಬಿಟ್ಟಳು. ಅವ್ವ ಕೃಷ್ಣೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಸಭೆಯ ಚೀಟಿ ತಂದಾಗ ಮಾತ್ರ, "ಆ ಹೊಳ್ಯಾಗ ನಾವೂ ಹುಟ್ಟಿದಾಗಿಂದ ಮುಳಗತೀವಿ, ನಮಗ ಯಾರೂ ಚೀಟಿ ಕೊಟ್ಟಿಲ್ಲ," ಎಂದು ಒಂದು ಮಾತು ಒಗೆದಳು.

ಇಡೀ ಓಣಿ ಒಪ್ಪಿಕೊಳ್ಳುತ್ತ ಬಂದರೂ ಗೋಡೆಯ ಆ ಕಡೆ ಏನೂ ಕದಲಲಿಲ್ಲ. ಚಿಗವ್ವ ಅವ್ವನ ದನಿ ಕೇಳಿದರೆ ನೆಲಕ್ಕೆ ಉಗುಳುತ್ತಿದ್ದಳು, ದೃಷ್ಟಿಗೆ ಉಗುಳುವಂತೆ. ನಡುವೆ ಅವಳಿಗೆ ಒಂದು ಬಸುರು ಇಳಿದಿತ್ತು. ಈಗ ಮತ್ತೆ ನಿಂತಿದೆ, ಐದು ತುಂಬಿದೆ ಎಂದು ಆಯಿ ಸುದ್ದಿ ತಂದಳು. ಅವ್ವ ಅದನ್ನು ಕೇಳಿ ಕೈ ತೊಳೆದುಕೊಂಡು ಒಳಗೆ ಹೋಗಿ ಮೊಣಕಾಲೂರಿದಳು. ಎರಡು ದಿನ ಬಿಟ್ಟು ಒಂದು ತಪ್ಪು ಮಾಡಿದಳು. ಬಸುರಿಗೆ ಬಯಕೆ ಇರುತ್ತದೆಂದು ತುಪ್ಪ ಹಾಕಿ ಹೋಳಿಗೆ ಮಾಡಿ, ಬಟ್ಟಲಲ್ಲಿ ಮುಚ್ಚಿ, ಆಯಿಯ ಕೈಯಲ್ಲಿ ಕಳಿಸಿದಳು. ಮಣ್ಣು ತೂರಿದ ಕೈಯಿಂದ ಬಸುರಿಗೆ ಹೋದ ಅನ್ನ ಎಂದರೆ ನಮ್ಮೂರಲ್ಲಿ ಏನು ಅರ್ಥ ಎನ್ನುವುದು ಅವ್ವನಿಗೆ ಗೊತ್ತಿರದ ಮಾತಲ್ಲ. ಆದರೆ ಒಳಗೆಲ್ಲ ಹಗುರಾದವಳಿಗೆ ಹೊರಗಿನದು ಮರೆತುಹೋಗಿತ್ತು. ಗೋಡೆಯ ಆ ಕಡೆಯಿಂದ ಚಿಗವ್ವ ಕಿರುಚಿದ್ದು ಕೇಳಿಸಿತು.

"ಮೊದಲಿನ ಕೂಸಿಗೆ ಮಣ್ಣ ಸಾಕಾಗಿತ್ತು, ಇದಕ್ಕ ಅನ್ನಾನ ಕಳಿಸ್ಯಾಳ! ತಿನಿಸಿ ಕೊಲ್ಲಾಕ ನಿಂತಾಳ!"

ಬಟ್ಟಲು ಗೋಡೆಯ ಮೇಲಿನ ಬಯಲಿನಿಂದ ಹಾರಿ ಬಂದು ನಮ್ಮ ಅಡಿಗೆಮನೆಯಲ್ಲಿ ಬಿತ್ತು. ಅವ್ವ ಹೋಳಿಗೆಯ ಚೂರುಗಳನ್ನು ಒಂದೊಂದಾಗಿ ಆರಿಸಿದಳು. ಸೀರೆಯ ತುದಿಯಿಂದ ತುಪ್ಪದ ಕಲೆ ಒರೆಸುತ್ತ ನನಗೆ ಅಂದಳೋ ತನಗೆ ಅಂದಳೋ: "ನಾ ಹೊಸಾದಾಗಿ ಹುಟ್ಟಿದ್ದು ನನಗಷ್ಟ ಗೊತ್ತು. ಆಕಿಗೆ ನಾ ಆ ಹಳೇ ಪಾರೀನ." ಅಲ್ಲಿಂದ ಅವ್ವನಿಗೆ ಬೇರೆ ಯಾರ ಒಪ್ಪಿಗೆಯೂ ಬೇಡವಾಯಿತು. ಸಭೆಯವರು ಹೊಗಳಿದರೂ ಸುಮ್ಮನಿರುತ್ತಿದ್ದಳು. ಗೋಡೆಯ ಆ ಕಡೆಯ ಒಬ್ಬಳು ಹೆದರಿಕೆಯಿಲ್ಲದೆ ಹೆರಬೇಕು, ಅದಾಗದೆ ತನ್ನ ಹುಟ್ಟು ಪೂರ್ತಿಯಾಗುವುದಿಲ್ಲ ಎನ್ನುವಂತೆ ಇದ್ದಳು.

ಆಯಿ ಒಂದು ದಾರಿ ಹೇಳಿದಳು. ತೂರಿದ ಮಣ್ಣನ್ನು ಹಿಂತೆಗೆಯುವ ರೂಢಿ ಒಂದಿತ್ತು. ತೂರಿದವಳೇ ಆ ಮನೆಯ ಹೊಸ್ತಿಲಿಗೆ ಬಂದು, ನೋಡುವ ಜನರ ಎದುರು ಮೂರು ಹಿಡಿ ಮಣ್ಣನ್ನು ಉಡಿಯಲ್ಲಿ ತೆಗೆದುಕೊಂಡು, ಅಂದ ಮಾತನ್ನು ಮರಳಿ ಪಡೆದೆ ಎಂದು ಹೇಳಿ, ಅದನ್ನು ಊರ ದೇವಿಯ ಗುಡಿಯ ಮುಂದೆ ದೀಪ ಹಚ್ಚಿ ಸುರಿಯಬೇಕು. ಬಹಳ ಕಡಿಮೆ ಜನ ಮಾಡಿದ್ದರು, ಏಕೆಂದರೆ ಹಾಗೆ ಮಾಡಿದವಳು ಆಮೇಲೆ ಓಣಿಯಲ್ಲಿ ತಲೆ ಎತ್ತುವುದು ಕಷ್ಟ. ಆ ವಾರ ಪಾಸ್ಟರ್‌ರು, ಆಗಿನವರು, ರಾಯಬಾಗದಿಂದ ಸೈಕಲ್ಲಿನ ಮೇಲೆ ಬಂದಾಗ ಅವ್ವ ಅವರನ್ನು ಕೇಳಿದಳು.

"ಬ್ಯಾಡ್ರಿ ಪಾರವ್ವಾರ," ಎಂದರು ಅವರು. "ನೀವು ಹೋದ್ರ ಶಾಪಕ್ಕ ಶಕ್ತಿ ಐತಿ ಅಂತ ಒಪ್ಪಿಕೊಂಡಂಗಾತು. ಕೂಸು ಸತ್ತಿದ್ದು ಜಡ್ಡಿನಿಂದ. ನಿಮ್ಮ ಮಾತಿನಿಂದಲ್ಲ."

"ಅದು ಹತ್ತಿತೋ ಬಿಟ್ಟಿತೋ ದೇವರಿಗೆ ಗೊತ್ತರಿ. ಅಂದ ಬಾಯಿ ನಂದ ಅಲ್ಲೇನ್ರಿ?"

ಪಾಸ್ಟರ್‌ರು ಸೈಕಲ್ಲಿನ ಹ್ಯಾಂಡಲ್ ತಿರುವಿದರು. "ಗುಡಿಗೆ ಮಾತ್ರ..." ಎಂದರು.

"ಗುಡಿಗೆ ಹೋಗೂದಿಲ್ಲರಿ. ಅಷ್ಟು ನನಗ ತಿಳೀತೈತಿ."

ಮರುದಿನ ಮುಂಜಾನೆ, ನಲ್ಲಿಗೆ ನೀರು ಬರುವ ಹೊತ್ತಿಗೆ, ಎಲ್ಲ ಹೆಂಗಸರೂ ಇರುವಾಗ ಅವ್ವ ಚಿಗವ್ವನ ಹೊಸ್ತಿಲ ಮುಂದೆ ಹೋಗಿ ಕುಳಿತಳು. ನನ್ನನ್ನು ಬರಬೇಡ ಎಂದಿದ್ದಳು. ನಾನು ಹೋದೆ. ಚಿಗವ್ವ ಬಾಗಿಲಿಗೆ ಬಂದು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಳು. ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ಎತ್ತಲಿಲ್ಲ.

"ಕಸ್ತೂರಿ," ಎಂದಳು ಅವ್ವ, "ಗುಡಿಗೆ ನನ್ನ ಕಡಿಂದ ಹೋಗಾಕ ಆಗೂದಿಲ್ಲ. ಉಳದದ್ದೆಲ್ಲಾ ಮಾಡ್ತೇನಿ." ಮೂರು ಹಿಡಿ ಮಣ್ಣನ್ನು ಉಡಿಗೆ ಹಾಕಿಕೊಂಡಳು. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ನಿನ್ನ ತೊಟ್ಟಿಲ ಬರಿದಾಗ್ಲಿ ಅಂದಾಕಿ ನಾನು. ಕಲ್ಲಿನ ಸಲುವಾಗಿ ಅಂದೆ. ಆ ಮಾತು ತಿರುಗಿ ತಗೊಂಡೇನಿ. ಇನ್ನೊಂದೈತಿ. ಅದು ಯಾರಿಗೂ ಗೊತ್ತಿಲ್ಲ. ನಿನ್ನ ಕೂಸು ಹೋದಾಗ, ನನ್ನ ಮಾತು ಹತ್ತಿತು ಅಂತ ಒಂದ ಗಳಿಗಿ ನನಗ ಹೆಮ್ಮಿ ಬಂದಿತ್ತು. ಒಂದ ಗಳಿಗಿ. ರೊಟ್ಟಿ ಬಡಿಯಾಕತ್ತಿದ್ದೆ. ಬಂದಿತ್ತು. ಅದಕ್ಕ ನಿನ್ನ ಕಾಲಿಗೆ ಬೀಳ್ತೇನಿ."

ಯಾರೂ ಕೇಳದೇ ಇದ್ದದ್ದನ್ನು ಹೇಳಬೇಕಾಗಿರಲಿಲ್ಲ. ಆ ಮಾತನ್ನು ಹೇಳದಿದ್ದರೆ ಆ ದಿನ ಸರಳವಾಗಿ ಮುಗಿಯುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಯಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಚಿಗವ್ವನ ಮುಖ ಸುಣ್ಣದಂತಾಯಿತು. ಕೆಳಗೆ ಬಂದು, ಭಾರದ ಹೊಟ್ಟೆಯಲ್ಲೇ ಬಗ್ಗಿ, ಅವ್ವನ ಉಡಿಯಿಂದಲೇ ಒಂದು ಹಿಡಿ ಮಣ್ಣು ತೆಗೆದು ಕೈ ಮೇಲೆತ್ತಿದಳು. "ನಿನ್ನ ಮಗಳೂ..." ಎಂದಳು. ನಾನು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವಳು ನನ್ನನ್ನು ನೋಡಿದಳು. ನಾನು ನಡೆಯಲು ಕಲಿತದ್ದು ಆಕೆಯ ಬೆರಳು ಹಿಡಿದು, ಗೋಡೆ ಏಳುವ ಮೊದಲು. ಮಾತು ಮುಂದೆ ಹೋಗಲಿಲ್ಲ. ಮಣ್ಣನ್ನು ಅವ್ವನ ಮುಖಕ್ಕೆ ಎರಚಿದಳು, ಬರಿಯ ಮಣ್ಣನ್ನು, ಮಾತಿಲ್ಲದೆ.

ಇಡೀ ಓಣಿ ಅವ್ವನ ಬಾಯಿಗಾಗಿ ಕಾಯಿತು. ಅವ್ವ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು, ಹುಬ್ಬಿನಿಂದ ಮಣ್ಣು ಉದುರುತ್ತಿತ್ತು.

"ಹಾಕ. ನಿನಗ ಹಕ್ಕ ಐತಿ," ಎಂದಳು.

"ನಾನೂ ನಿನ್ನಂಗ ಆಗಬೇಕಂತ ಬಂದೀದೇನು?" ಚಿಗವ್ವ ಅಳುತ್ತಿದ್ದಳು. "ಹೋಗ. ಏಳ, ಹೋಗ ಇಲ್ಲಿಂದ."

ಅವ್ವ ಎದ್ದು, ಉಡಿಯ ಮಣ್ಣನ್ನು ಹೊಳೆಗೆ ಒಯ್ದು ಹಾಕಿ ಬಂದಳು. ಗುಡಿಗೆ ಹೋಗಲಿಲ್ಲವೆಂದು ಕೆಲವರು, ಹೆಮ್ಮೆಯ ಮಾತು ಹೇಳಿದಳೆಂದು ಹಲವರು ಬೈದರು. ಸಭೆಯವರಲ್ಲೂ ಒಬ್ಬಿಬ್ಬರು, ಇಷ್ಟೆಲ್ಲ ಬೇಕಿತ್ತೇ ಎಂದರು. ಆಯಿ ಮಾತ್ರ ಆ ಸಂಜೆ ತನ್ನ ವಾರ ಅಲ್ಲದಿದ್ದರೂ ನಮ್ಮಲ್ಲಿ ಉಣ್ಣಲು ಬಂದು ಕುಳಿತಳು. ಏನೂ ಬೈಯದೆ ಉಂಡಳು. ಅದು ಆಕೆಯ ದೊಡ್ಡ ಮಾತು.

ಆಮೇಲೆ ಮೂರು ತಿಂಗಳು ಗೋಡೆ ಸುಮ್ಮನಿತ್ತು. ಚಿಗವ್ವ ಮಾತನಾಡಲಿಲ್ಲ. ಆದರೆ ಉಗುಳುವುದನ್ನು ಬಿಟ್ಟಿದ್ದಳು. ಅವ್ವನೂ ಆ ಕಡೆ ಕೇಳಿಸುವಂತೆ ಏನೂ ಆಡುತ್ತಿರಲಿಲ್ಲ. ಹಾಡುವುದಿದ್ದರೂ ಹಿತ್ತಲಿಗೆ ಹೋಗಿ ಹಾಡುತ್ತಿದ್ದಳು, ತನ್ನ ದನಿಯಿಂದ ಒಬ್ಬ ಬಸುರಿ ಬೆದರಬಾರದು ಎಂದು. ಕಬ್ಬಿನ ಕಟಾವು ಶುರುವಾಯಿತು. ಅಪ್ಪ, ಕಾಕಾ ಇಬ್ಬರೂ ಗಾಡಿ ಕಟ್ಟಿಕೊಂಡು ಹೋದರು. ಓಣಿಯ ಹೆಂಗಸರೆಲ್ಲ ಹೊಲದಲ್ಲಿ. ಒಂದು ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತಿದ್ದಳು, ಶಾಲೆಗೆ ರಜೆ ಇದ್ದುದರಿಂದ ನಾನು ಪಕ್ಕದಲ್ಲಿದ್ದೆ. ಆಯಿ ಪಡಸಾಲೆಯಲ್ಲಿ ಮಲಗಿದ್ದಳು. ಗೋಡೆಯ ಆ ಕಡೆ ಒಂದು ಪಾತ್ರೆ ಬಿದ್ದ ಸದ್ದು. ಆಮೇಲೆ ಹಲ್ಲು ಕಚ್ಚಿ ತಡೆದ ಒಂದು ನರಳಿಕೆ. ಅವ್ವನ ಕೈ ಮೊರದ ಮೇಲೆ ನಿಂತಿತು. ಮತ್ತೊಮ್ಮೆ. ಅವ್ವ ಎದ್ದು ಗೋಡೆಗೆ ಅಂಗೈ ಹಚ್ಚಿ ನಿಂತಳು, ಕರೆಯಲಿಲ್ಲ. ಕರೆದರೆ ತನ್ನ ದನಿ. ಎಷ್ಟು ಹೊತ್ತು ಹಾಗೆ ನಿಂತಳೋ. ಆ ಕಡೆ ಚಿಗವ್ವನೂ ನೋವಿಗಿಂತ ದೊಡ್ಡ ಹೆದರಿಕೆಯ ಜೊತೆ ಗುದ್ದಾಡುತ್ತಿದ್ದಿರಬೇಕು.

"ಅಕ್ಕಾ."

ಸಣ್ಣ ದನಿ. ಅವ್ವ ನನಗೆ ಸೂಲಗಿತ್ತಿಯನ್ನು ಕರೆದುಕೊಂಡು ಬಾ ಎಂದು ಕೈ ಮಾಡಿ ಓಡಿದಳು. ನಾನೂ ಹಿಂದೆಯೇ ಹೊರಬಿದ್ದೆ. ಚಿಗವ್ವನ ಹೊಸ್ತಿಲ ಮುಂದೆ ಅವ್ವ ಗಕ್ಕನೆ ನಿಂತಳು.

"ಒಳಗ ಬರಲೇನ ಕಸ್ತೂರಿ?"

ಒಳಗಿನಿಂದ ಏದುಸಿರು. "ಬಾ. ಬಾಯಿ ತೆರೀಬ್ಯಾಡ. ಒಂದ ಮಾತೂ ಬ್ಯಾಡ, ನಿನ್ನ ಆಣಿ."

ಅವ್ವ ಸೆರಗನ್ನು ಬಾಯಿಗೆ ಅಡ್ಡ ಕಟ್ಟಿಕೊಂಡು ಒಳಗೆ ಹೋದಳು.

ಸೂಲಗಿತ್ತಿ ಅಜ್ಜಿ ಬೇರೆ ಓಣಿಗೆ ಹೋಗಿದ್ದಳು. ಹುಡುಕಿ, ಕೈ ಹಿಡಿದು ಎಳೆದುಕೊಂಡು ಬರುವಷ್ಟರಲ್ಲಿ ನನಗೆ ಏದುಸಿರು ಹತ್ತಿತ್ತು. ಬಾಗಿಲಲ್ಲಿ ನಿಂತು ಕಂಡದ್ದು ಇಷ್ಟು: ಚಿಗವ್ವ ಅವ್ವನ ಎದೆಗೆ ಬೆನ್ನು ಕೊಟ್ಟು ಕುಳಿತಿದ್ದಾಳೆ, ಅವ್ವನ ಎರಡೂ ತೋಳುಗಳಲ್ಲಿ ಅವಳ ಉಗುರು ಇಳಿದು ರಕ್ತ ಬಂದಿದೆ, ಅವ್ವನ ಬಾಯಿಗೆ ಕಟ್ಟಿದ ಸೆರಗು ಕಣ್ಣೀರಿನಿಂದ ತೊಯ್ದಿದೆ. ಸದ್ದಿಲ್ಲ. ಚಿಗವ್ವ ಕೂಗಿದಾಗಲೆಲ್ಲ ಅವ್ವ ಅವಳ ನೆತ್ತಿಗೆ ತನ್ನ ಗಲ್ಲ ಒತ್ತುತ್ತಿದ್ದಳು, ಅಷ್ಟೇ. ಅಜ್ಜಿ ಮುಂದೆ ಕುಳಿತು ಕೈ ಚಾಚುವಷ್ಟರಲ್ಲಿ ಕೂಸು ಬಂತು. ನೀಲಿಯಾಗಿತ್ತು. ಅಳಲಿಲ್ಲ. ಅಜ್ಜಿ ಬಾಯಿಯೊಳಗೆ ಬೆರಳು ಹಾಕಿ ಲೋಳೆ ತೆಗೆದಳು, ಕಾಲು ಹಿಡಿದು ತೂಗಿದಳು, ಬೆನ್ನು ತಿಕ್ಕಿದಳು. ಅಳಲಿಲ್ಲ. ಅಜ್ಜಿ ನಮ್ಮ ಕಡೆ ನೋಡದೆ ಇನ್ನಷ್ಟು ಜೋರಾಗಿ ತಿಕ್ಕತೊಡಗಿದಳು.

ಚಿಗವ್ವ ಹಿಂದಕ್ಕೆ ಕೈ ಹಾಕಿ, ಅವ್ವನ ಬಾಯಿಗೆ ಕಟ್ಟಿದ ಸೆರಗನ್ನು ಹಿಡಿದು ಹರಿಯುವಂತೆ ಜಗ್ಗಿದಳು.

"ಏನರೆ ಅನ್ನ ಅಕ್ಕಾ! ಬಾಯಿ ತೆರಿ! ನಿನ್ನ ದೇವರಿಗೆ ಅನ್ನ, ಕೂಸಿಗೆ ಅನ್ನ, ಏನರೆ ಛಲೋದು ಅನ್ನ!"

ಅವ್ವನಿಗೆ ಮೊದಲು ದನಿಯೇ ಹೊರಡಲಿಲ್ಲ. ಆಮೇಲೆ ಬಂತು, ಸಣ್ಣಗೆ: "ಬದುಕ ನನ್ನವ್ವಾ." ಮತ್ತೆ: "ಬದುಕ." ಪ್ರಾರ್ಥನೆಯ ಮಾತು ಒಂದೂ ನೆನಪಾಗಲಿಲ್ಲವಂತೆ, ಆಮೇಲೆ ಹೇಳಿದಳು. ಅದೊಂದೇ ಮಾತು, ಜೋರಾಗುತ್ತ ಹೋಯಿತು, ಎಮ್ಮೆಗೆ ಕೂಗುತ್ತಿದ್ದ ಅದೇ ಗಂಟಲು, ನಲ್ಲಿಯ ಸಾಲನ್ನು ಸರಿಸುತ್ತಿದ್ದ ಅದೇ ಗಂಟಲು. "ಬದುಕ! ಬದುಕ!"

ಅಜ್ಜಿಯ ಕೈಯೊಳಗಿನ ಕೂಸು ಒಮ್ಮೆ ಬಿಕ್ಕಿ, ಮೈ ಸೆಟೆದು, ಅತ್ತಿತು. ಅಜ್ಜಿ ತಿಕ್ಕಿದ್ದಕ್ಕೋ, ಅವ್ವ ಕೂಗಿದ್ದಕ್ಕೋ ನಾನು ಹೇಳಲಾರೆ. ಅಳು ಕೇಳಿ ಪಡಸಾಲೆಯಿಂದ ಆಯಿ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಅಜ್ಜಿ ಹೆಣ್ಣು ಎಂದಳು. ಅವ್ವನಿಗೆ ಯಾವುದೂ ಕೇಳಿಸಲಿಲ್ಲ. ಕಣ್ಣು ಮುಚ್ಚಿ, ಚಿಗವ್ವನನ್ನು ತಬ್ಬಿ ಹಿಡಿದು ಇನ್ನೂ ಕೂಗುತ್ತಲೇ ಇದ್ದಳು.

"ಸಾಕ ಬೇ ಅಕ್ಕಾ," ಎಂದಳು ಚಿಗವ್ವ, ಅವ್ವನ ಕೆನ್ನೆಗೆ ಕೈ ಹಚ್ಚಿ. "ಬದುಕೇತಿ."